ಬಾಲಿಕ್‌ನ ಎಡಗಣ್ಣು

ಬಾಲಿಕ್ ಅಂದರೆ ನಮ್ಮಲ್ಲಿ ಮೀನು.
ನಾಯಿಗೆ ಆ ಹೆಸರಿಟ್ಟವಳು ಮೊಮ್ಮಗಳು ಐಝಾದಾ,
ಡಬ್ಬಿಯ ಮೇಲಿನ ಚಿತ್ರದಲ್ಲಷ್ಟೇ ಮೀನು ಕಂಡವಳು.

ಮೊನ್ನೆ ಮುಯ್ನಾಕಿಗೆ ಬಿಳಿಗಾಳಿ ಬಂತು,
ಕಡಲಿದ್ದ ದಿಕ್ಕಿನಿಂದಲೇ.
ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿದೆವು,
ಚಹಾದ ಬಟ್ಟಲಿಗೆ ತಟ್ಟೆ ಮುಚ್ಚಿದೆವು,
ಅಂಗಳದ ನಾಯಿಯನ್ನು ಮರೆತೆವು.
ಉಪ್ಪು ತಿಂದವನು ನೀರು ಕುಡಿಯಲೇಬೇಕು, ಸರಿ.
ತಿನ್ನದವನ ಕಣ್ಣಲ್ಲೇಕೆ ನೀರು?

ಬೆಳಿಗ್ಗೆ ಎಡಗಣ್ಣು ಅರ್ಧ ಮುಚ್ಚಿತ್ತು,
ಪಿಸುರು ಕಟ್ಟಿ, ಕೆಂಪಗೆ.
ಮುಂಗಾಲಿಂದ ಉಜ್ಜಿದ್ದೇ ಉಜ್ಜಿದ್ದು.

ನನ್ನ ಬೀರುವಿನಲ್ಲೊಂದು ಹಳೆಯ ಸೀಸೆ:
ದಡಕ್ಕೆ ಬಿದ್ದ ಹಡಗುಗಳನ್ನು ಗುಜರಿಗೆ ಕತ್ತರಿಸುತ್ತಿದ್ದ ಕಾಲದ್ದು,
ಕಿಡಿ ನೋಡಿ ನೋಡಿ ಕಣ್ಣೊಳಗೆ ಮರಳು ಹೊಕ್ಕಂತಾದ ರಾತ್ರಿ
ನಾನೇ ಬಿಟ್ಟುಕೊಳ್ಳುತ್ತಿದ್ದದ್ದು.
ಮುಚ್ಚಳ ತಿರುಗಿಸಿಯೂ ಆಗಿತ್ತು.
'ನಿಮ್ಮ ಕಣ್ಣೇ ಅದರಿಂದ ನೆಟ್ಟಗಾಗಲಿಲ್ಲ,'
ಅಂದಳು ಹೆಂಡತಿ, ಪಕ್ಕದವರ ಕಾರು ಕೇಳಲು ಹೋದಳು.

ಕೊಂಗ್ರಾತಿನ ಪಶುವೈದ್ಯೆ ಉಲ್ಬೋಸಿನ್,
ಮುಂದಿನದಾದರೂ ಗಂಡಾಗಲಿ ಎಂದು
ಹೆತ್ತವರು ಆ ಹೆಸರಿಟ್ಟ ಹುಡುಗಿ,
ಕಣ್ಣಿಗೆ ಬಣ್ಣ ಸೋಕಿಸಿ ನೀಲಿ ದೀಪ ಹಿಡಿದಳು.
ಪಾಪೆಯ ಮುಂದಿನ ಗಾಜಿನ ಮೇಲೆ ಹಸಿರಾಗಿ ಹೊಳೆಯಿತು
ಉಗುರುಚಂದ್ರದಷ್ಟು ಗೀರು.
ನನ್ನ ಸೀಸೆಯನ್ನು ಮೂಸಿಯೂ ನೋಡದೆ ಬುಟ್ಟಿಗೆಸೆದಳು:
'ಇದು ಬಿದ್ದಿದ್ದರೆ ಗೀರು ಹುಣ್ಣು, ಹುಣ್ಣು ತೂತು.'
ಬೇರೆ ಔಷಧಿ ಕೊಟ್ಟಳು. ದಿನಕ್ಕೆ ನಾಲ್ಕು ಸಲ, ಒಂದೊಂದೇ ಹನಿ.

ಒಂದು ಹನಿ! ಉಕ್ಕಿನ ಹೊಟ್ಟೆ ಸೀಳಿದ ಕೈಗೆ ಅದೆಷ್ಟರ ಕೆಲಸ?
ಎದುರು ಕೂತೆ, ಕತ್ತು ಹಿಡಿದೆ,
ಕಟರ್ ಹಿಡಿದಂತೆ ಸೀಸೆ ಎತ್ತಿದೆ.
ಒಂದು ಜಮಖಾನಕ್ಕೆ, ಒಂದು ನನ್ನ ಗಡ್ಡಕ್ಕೆ,
ಇನ್ನೊಂದು ಎಲ್ಲಿಗೋ.
ಬಾಲಿಕ್ ಮಂಚದ ಕೆಳಗೆ.

ರಾತ್ರಿ ಫೋನಿನಲ್ಲಿ ಉಲ್ಬೋಸಿನ್ ನಕ್ಕಳು:
'ಅತಾ, ಎದುರಿನಿಂದ ಬರುವ ಕೈ ಯಾರಿಗಾದರೂ ಹೊಡೆತವೇ.
ಹಿಂದೆ ಕೂರಿ. ಅವನ ಬೆನ್ನು ನಿಮ್ಮ ಎದೆಗೆ ಒರಗಲಿ.'

ಹಾಗೇ ಮಾಡಿದೆ.
ಸೋಪು ಹಾಕಿ ಕೈ ತೊಳೆದೆ, ಹಬ್ಬಕ್ಕೂ ಹಾಗೆ ತೊಳೆದವನಲ್ಲ.
ಕುದಿಸಿ ಆರಿಸಿದ ನೀರಲ್ಲಿ ಹತ್ತಿ ನೆನೆಸಿ
ಮೂಗಿನ ಕಡೆಯಿಂದ ಹೊರಗೆ, ಒಂದೇ ಎಳೆತ,
ಪಿಸುರು ಬಿಟ್ಟಿತು.
ಎಡಗೈ ಗದ್ದಕ್ಕೆ, ಮೂತಿ ತುಸು ಮೇಲಕ್ಕೆ,
ಹೆಬ್ಬೆರಳಿಂದ ಕೆಳರೆಪ್ಪೆ ಜಗ್ಗಿದರೆ
ಅಲ್ಲೊಂದು ಪುಟ್ಟ ದೊನ್ನೆ.
ಬಲಗೈಯೋ, ನಡುಗುತ್ತದೆ.
ಹನ್ನೊಂದು ವರ್ಷದಿಂದ ನಡುಗುತ್ತದೆ, ಚಹಾ ಚೆಲ್ಲುತ್ತದೆ.
'ಮಣಿಕಟ್ಟನ್ನು ಅವನ ಹಣೆಯ ಮೇಲೇ ಊರಿ,' ಅಂದಿದ್ದಳು.
ಊರಿದೆ.

ಅವನು ಅಲುಗಿದರೆ ಕೈಯೂ ಅಲುಗಿತು,
ಕೈ ನಡುಗಿದರೆ ತಲೆಯೂ ತುಸು ನಡುಗಿತು.
ಇಬ್ಬರದೂ ಒಂದೇ ನಡುಕವಾದ ಮೇಲೆ
ಸೀಸೆಯ ತುದಿಗೂ ಕಣ್ಣಿಗೂ ನಡುವಿನ ಬೆರಳಗಲದ ದೂರ
ಇದ್ದಂತೆ ಇತ್ತು.
ತುದಿ ಎಲ್ಲೂ ತಾಗಲಿಲ್ಲ.
ಹನಿ ಬಿತ್ತು.
ಮಿಟುಕಿದ. ಒರೆಸಲಿಲ್ಲ ನಾನು, ಉಜ್ಜಲಿಲ್ಲ.
ಕುರಿಯ ಬಾಲದ ಕೊಬ್ಬಿನ ಚೂರು ಬಾಯಿಗಿಟ್ಟೆ.

ಕೆರೆಯದಿರಲೆಂದು ಬಕೆಟ್ಟಿನ ತಳ ಕತ್ತರಿಸಿ ಕೊರಳಿಗೆ ತೊಡಿಸಿದ್ದೇನೆ,
ಕತ್ತರಿಸುವುದೊಂದು ನನಗೆ ಬರುತ್ತದೆ.
ಆದರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತೇನೆ ರಾತ್ರಿ.
ನನ್ನ ಕಣ್ಣಿಗೆ ಈಗ ಬೇರೇನು ಬಿಡುವುದಿದೆ.

ಇವತ್ತಿಗೆ ಒಂಬತ್ತನೆಯ ಸಲ.
ನಲ್ಲಿಯ ಸದ್ದು ಕೇಳಿದ್ದೇ ತಡ
ಬಕೆಟ್ಟು ಬಾಗಿಲಿಗೆ ಬಡಿಯುತ್ತ ಬಂದ,
ತಿರುಗಿದ,
ಬೆನ್ನು ಕೊಟ್ಟು ಕೂತ.